ಕಾಲಡಿಯ ಹೂವಿನ ಗೆಳೆಯ ಕಾರ್ಲ್ ಲಿನೇಯಸ್

ಮಹಾಪುರುಷರ ಜೀವನವನ್ನು ಓದುವಾಗ ನಾವು ಸಾಮಾನ್ಯವಾಗಿ ದೊಡ್ಡ ಸಂಗತಿಗಳನ್ನೇ ಹುಡುಕುತ್ತೇವೆ. ಗೆದ್ದ ಯುದ್ಧ, ಕಟ್ಟಿದ ರಾಜ್ಯ, ಕಂಡುಹಿಡಿದ ಯಂತ್ರ, ಇವು ಬೇಗನೆ ಕಣ್ಣಿಗೆ ಬೀಳುತ್ತವೆ. ಆದರೆ ಗೇಣುದ್ದದ ಗಿಡಗಳ ಮುಂದೆ ಮಂಡಿಯೂರಿ ಕುಳಿತು, ಅವುಗಳ ಹೂವಿನೊಳಗೆ ಎಷ್ಟು ಕೇಸರಗಳಿವೆ ಎಂದು ಎಣಿಸುತ್ತಾ ಎಣಿಸುತ್ತಾ ಲೋಕವಿಖ್ಯಾತನಾದ ಮನುಷ್ಯನೊಬ್ಬನಿದ್ದಾನೆ. ಆತನೇ ಸ್ವೀಡನ್ ದೇಶದ ಕಾರ್ಲ್ ಲಿನೇಯಸ್. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಹೊಸ ಗಿಡ ಕಂಡುಬಂದರೂ, ಹೊಸ ಪ್ರಾಣಿ ಸಿಕ್ಕಿದರೂ ಅದಕ್ಕೆ ಹೆಸರಿಡುವುದು ಆತ ತೋರಿಸಿಕೊಟ್ಟ ರೀತಿಯಲ್ಲಿಯೇ.

ಆತನ ಕತೆಯನ್ನು ಹೇಳುವ ಮೊದಲು ಒಂದು ಪುಟ್ಟ ಗಿಡದ ಪರಿಚಯ ಮಾಡಿಕೊಳ್ಳೋಣ. ಯುರೋಪಿನ ಮರಳು ನೆಲದಲ್ಲಿ, ಹಳೆಯ ಕಲ್ಲುಗೋಡೆಗಳ ಸಂದಿಯಲ್ಲಿ, ದಾರಿಯ ಅಂಚಿನಲ್ಲಿ ಇದು ತಾನಾಗಿಯೇ ಬೆಳೆಯುತ್ತದೆ. ನಮ್ಮ ದೇಶದ ಹಿಮಾಲಯದ ತಂಪು ಪ್ರದೇಶಗಳಲ್ಲಿಯೂ ಇದೆ. ಇಂಗ್ಲಿಷಿನಲ್ಲಿ ಇದಕ್ಕೆ ಸ್ಯಾಂಡ್‌ವರ್ಟ್ ಎನ್ನುತ್ತಾರೆ. ಮರಳಿನ ಗಿಡ ಎಂದೇ ಆ ಮಾತಿನ ಅರ್ಥ. ಆದ್ದರಿಂದ ಈ ಲೇಖನದ ಮಟ್ಟಿಗೆ ನಾವು ಇದನ್ನು ಮರಳುಗಿಡ ಎಂದು ಕರೆಯೋಣ. ದಾರದಂತೆ ತೆಳ್ಳಗಿನ ಕಾಂಡ, ಅಕ್ಕಿಕಾಳಿಗಿಂತ ಅಷ್ಟೇನೂ ದೊಡ್ಡದಲ್ಲದ ಎಲೆಗಳು, ಕೊತ್ತಂಬರಿ ಕಾಳಿನಷ್ಟಿರುವ ಬಿಳಿಯ ಹೂ. ದನವೂ ಮೂಸಿ ನೋಡದೆ ಮುಂದೆ ಹೋಗಬಹುದಾದ ಗಿಡವಿದು. ಹೂವಾಡಗಿತ್ತಿಗೂ ಬೇಡ, ವೈದ್ಯನಿಗೂ ಅಷ್ಟಾಗಿ ಬೇಡ. ಆದರೂ ಲಿನೇಯಸ್ ಇದನ್ನು ಕಂಡ, ಎಣಿಸಿದ, ಇದಕ್ಕೊಂದು ಸ್ಥಾನ ಕೊಟ್ಟ. ಯಾರೂ ಲೆಕ್ಕಕ್ಕಿಡದ ಗಿಡವನ್ನು ಲೆಕ್ಕಕ್ಕೆ ತೆಗೆದುಕೊಂಡ ಈ ಮನುಷ್ಯನನ್ನೇ ಒಂದು ಕಾಲದಲ್ಲಿ ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ ಎಂಬುದು ಆತನ ಜೀವನದ ಸ್ವಾರಸ್ಯ.

ಬಾಲ್ಯ

ಲಿನೇಯಸ್ ಹುಟ್ಟಿದ್ದು 1707ನೆಯ ಇಸವಿ ಮೇ 23ರಂದು, ಸ್ವೀಡನ್ನಿನ ದಕ್ಷಿಣಕ್ಕಿರುವ ಸ್ಮೋಲಂಡ್ ಪ್ರಾಂತದ ರೋಶುಲ್ಟ್ ಎಂಬ ಹಳ್ಳಿಯಲ್ಲಿ. ತಂದೆ ನಿಲ್ಸ್ ಹಳ್ಳಿಯ ಪಾದ್ರಿ. ತಾಯಿ ಕ್ರಿಸ್ಟೀನಾ ಕೂಡ ಪಾದ್ರಿಯ ಮಗಳೇ. ಅವರ ವಂಶದಲ್ಲಿ ಅಲ್ಲಿಯವರೆಗೆ ನಿಂತ ಮನೆತನದ ಹೆಸರೆಂಬುದಿರಲಿಲ್ಲ. ತಂದೆಯ ಹೆಸರನ್ನೇ ಮಗನ ಹೆಸರಿಗೆ ಸೇರಿಸಿ ಕರೆಯುವ ವಾಡಿಕೆಯಿತ್ತು. ವಿಶ್ವವಿದ್ಯಾನಿಲಯಕ್ಕೆ ಸೇರುವಾಗ ಮನೆತನದ ಹೆಸರು ಬೇಕಾಯಿತು. ಆಗ ನಿಲ್ಸ್ ತಮ್ಮ ಜಮೀನಿನಲ್ಲಿದ್ದ ಲಿಂಡನ್ ಎಂಬ ಹೆಮ್ಮರವನ್ನು ನೆನೆದು ಲಿನೇಯಸ್ ಎಂಬ ಹೆಸರನ್ನು ಇಟ್ಟುಕೊಂಡರು. ಗಿಡಮರಗಳಿಗೆಲ್ಲ ಹೆಸರಿಡಲಿದ್ದ ಮಗನಿಗೆ ಮನೆತನದ ಹೆಸರು ಬಂದದ್ದು ಒಂದು ಮರದಿಂದಲೇ!

ನಿಲ್ಸ್ ಅವರಿಗೆ ಹೂದೋಟವೆಂದರೆ ಪ್ರಾಣ. ಮಗು ಅತ್ತಾಗ ಕೈಗೊಂದು ಹೂ ಕೊಟ್ಟರೆ ಸಾಕು, ಅಳು ನಿಲ್ಲುತ್ತಿತ್ತಂತೆ. ಐದು ವರ್ಷವಾಗುವಷ್ಟರಲ್ಲಿ ತೋಟದ ಒಂದು ತುಂಡು ನೆಲವನ್ನು ಬಾಲಕನಿಗೇ ಬಿಟ್ಟುಕೊಟ್ಟರು. ಬಾಲಕ ಗಿಡಗಳ ಹೆಸರು ಕೇಳುವನು, ಮರುದಿನ ಮರೆಯುವನು, ಮತ್ತೆ ಕೇಳುವನು. ಕೊನೆಗೆ ತಂದೆ ಒಂದು ಕಟ್ಟುಪಾಡು ಮಾಡಿದರು. ಹೇಳಿಕೊಟ್ಟ ಹೆಸರನ್ನು ನೆನಪಿಟ್ಟುಕೊಳ್ಳದಿದ್ದರೆ ಮುಂದೆ ಒಂದು ಹೆಸರನ್ನೂ ಹೇಳಿಕೊಡುವುದಿಲ್ಲವೆಂದರು. ಅಂದಿನಿಂದ ಹೆಸರುಗಳನ್ನು ನೆನಪಿಡುವುದೇ ಬಾಲಕನ ತಪಸ್ಸಾಯಿತು.

ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತಾರೆ. ಆದರೆ ಆ ಮೊಳಕೆಯನ್ನು ಎಲ್ಲರೂ ಗುರುತಿಸಬೇಕಲ್ಲ! ವೆಕ್ಷಾ ಎಂಬ ಊರಿನ ಶಾಲೆಗೆ ಸೇರಿದ ಹುಡುಗ, ಪಾದ್ರಿಯಾಗುವವನಿಗೆ ಬೇಕಾದ ಹೀಬ್ರೂ, ದೇವತಾಶಾಸ್ತ್ರ ಮೊದಲಾದ ಪಾಠಗಳಲ್ಲಿ ಹಿಂದೆ ಬಿದ್ದ. ಬಿಡುವು ಸಿಕ್ಕಿದರೆ ಹೊಲಗದ್ದೆಗಳಲ್ಲಿ ಗಿಡ ಹುಡುಕುತ್ತಿದ್ದ. 1726ರಲ್ಲಿ ಮಗನ ವಿದ್ಯೆ ಹೇಗಿದೆಯೆಂದು ತಿಳಿಯಲು ಬಂದ ತಂದೆಗೆ ಉಪಾಧ್ಯಾಯರು ಹೇಳಿದ ಮಾತು ಎದೆ ಒಡೆಯುವಂತಿತ್ತು. ಈತನಿಗೆ ಓದು ಹತ್ತದು, ಯಾವುದಾದರೂ ಕೈಕಸುಬಿಗೆ ಹಾಕುವುದು ಲೇಸು ಎಂಬುದು ಅವರ ತೀರ್ಮಾನ. ತಂದೆಯೂ ಮಗನನ್ನು ಚಮ್ಮಾರಿಕೆಗೋ ದರ್ಜಿಯ ಕೆಲಸಕ್ಕೋ ಸೇರಿಸುವ ಯೋಚನೆ ಮಾಡಿದರು. ಕೈಕಸುಬು ಕೀಳಲ್ಲ. ಆದರೆ ಆ ಹುಡುಗನ ಕಣ್ಣು ಬೇರೆಯದನ್ನು ಹುಡುಕುತ್ತಿತ್ತು.

ಆಗ ಅಡ್ಡ ಬಂದವರು ಅದೇ ಊರಿನ ವೈದ್ಯರೂ ಉಪಾಧ್ಯಾಯರೂ ಆಗಿದ್ದ ಯೋಹಾನ್ ರೋತ್‌ಮನ್. ಗಿಡಗಳ ಬೆನ್ನುಹತ್ತಿದ ಹುಡುಗ ಪಾದ್ರಿಯಾಗಲಾರ ನಿಜ, ಆದರೆ ಒಳ್ಳೆಯ ವೈದ್ಯನಾಗಬಲ್ಲ ಎಂದು ಅವರು ತಂದೆಗೆ ಧೈರ್ಯ ಹೇಳಿದರು. ಆ ಕಾಲದಲ್ಲಿ ಔಷಧಿಯೆಂದರೆ ಬಹುಮಟ್ಟಿಗೆ ಗಿಡಮೂಲಿಕೆಯೇ. ಆದ್ದರಿಂದ ಗಿಡ ಬಲ್ಲವನಿಗೆ ವೈದ್ಯವಿದ್ಯೆ ದೂರವಿರಲಿಲ್ಲ. ರೋತ್‌ಮನ್ ಹುಡುಗನನ್ನು ಮನೆಯಲ್ಲಿಯೇ ಇರಿಸಿಕೊಂಡು ಪಾಠ ಹೇಳಿದರು. ಹೂವಿನ ಕೇಸರ ಮತ್ತು ಅಂಡಾಶಯಗಳಿಗೆ ಮಹತ್ವವಿದೆ ಎಂಬ ಹೊಸ ವಿಚಾರ ಲಿನೇಯಸನ ಕಿವಿಗೆ ಬಿದ್ದದ್ದು ಅಲ್ಲಿಯೇ. ಒಬ್ಬ ಉಪಾಧ್ಯಾಯ ಮುಚ್ಚಿದ ಬಾಗಿಲನ್ನು ಇನ್ನೊಬ್ಬ ಉಪಾಧ್ಯಾಯ ತೆರೆದ.

ಬಡತನದ ಓದು

1727ರಲ್ಲಿ ಲಿನೇಯಸ್ ಲುಂಡ್ ವಿಶ್ವವಿದ್ಯಾನಿಲಯಕ್ಕೆ ಸೇರಿದ. ಅಲ್ಲಿ ಸ್ಟೋಬಿಯಸ್ ಎಂಬ ವೈದ್ಯರ ಮನೆಯಲ್ಲಿ ವಾಸ. ರಾತ್ರಿ ಬಹಳ ಹೊತ್ತಿನವರೆಗೆ ಈತನ ಕೋಣೆಯಲ್ಲಿ ದೀಪ ಉರಿಯುತ್ತಿರುವುದನ್ನು ಕಂಡು ಮನೆಯ ಹಿರಿಯಾಕೆಗೆ ಸಂಶಯ ಬಂತು. ಸ್ಟೋಬಿಯಸ್ ಹೋಗಿ ನೋಡಿದರೆ, ತಮ್ಮದೇ ಗ್ರಂಥಭಂಡಾರದಿಂದ ಗುಟ್ಟಾಗಿ ತರಿಸಿಕೊಂಡ ಪುಸ್ತಕಗಳನ್ನು ಹರಡಿಕೊಂಡು ಹುಡುಗ ಓದುತ್ತಿದ್ದಾನೆ. ಗದರಿಸುವ ಬದಲು ಅವರು ಗ್ರಂಥಭಂಡಾರದ ಬಾಗಿಲನ್ನೇ ತೆರೆದಿಟ್ಟರು.

ಮರುವರ್ಷ ಲಿನೇಯಸ್ ಉಪ್ಸಾಲಾ ವಿಶ್ವವಿದ್ಯಾನಿಲಯಕ್ಕೆ ಹೋದ. ಕೈಯಲ್ಲಿದ್ದ ಹಣ ಬೇಗ ಕರಗಿತು. ಸವೆದ ಪಾದರಕ್ಷೆಗೆ ಕಾಗದ ತುರುಕಿ ನಡೆಯುವ ಸ್ಥಿತಿ ಬಂತು. 1729ರಲ್ಲಿ ಒಂದು ದಿನ ವಿಶ್ವವಿದ್ಯಾನಿಲಯದ ತೋಟದಲ್ಲಿ ಹೂಗಳನ್ನು ಪರೀಕ್ಷಿಸುತ್ತಾ ಕುಳಿತಿದ್ದಾಗ ಓಲಾಫ್ ಸೆಲ್ಸಿಯಸ್ ಎಂಬ ವೃದ್ಧ ವಿದ್ವಾಂಸರು ಅತ್ತ ಬಂದರು. ಒಂದೊಂದು ಗಿಡದ ಹೆಸರನ್ನೂ ತಡವರಿಸದೆ ಹೇಳಿದ ಬಡ ವಿದ್ಯಾರ್ಥಿಯನ್ನು ಕಂಡು ಬೆರಗಾದ ಅವರು ಆತನಿಗೆ ಊಟಕ್ಕೂ ವಸತಿಗೂ ತಮ್ಮ ಮನೆಯಲ್ಲಿಯೇ ಏರ್ಪಾಡು ಮಾಡಿದರು. ಮರುವರ್ಷವೇ ಲಿನೇಯಸ್ ಸಸ್ಯಶಾಸ್ತ್ರದ ಪಾಠ ಹೇಳತೊಡಗಿದ. ಇನ್ನೂ ಪದವಿ ಪಡೆಯದ ವಿದ್ಯಾರ್ಥಿಯ ಪಾಠ ಕೇಳಲು ಜನ ಕಿಕ್ಕಿರಿದು ಬರುತ್ತಿದ್ದರು.

ಉಪ್ಸಾಲಾದಲ್ಲಿ ಆತನಿಗೆ ಪೀಟರ್ ಆರ್ಟೆಡಿ ಎಂಬ ಆಪ್ತ ಗೆಳೆಯನೊಬ್ಬ ಸಿಕ್ಕಿದ. ಇಬ್ಬರೂ ಸೃಷ್ಟಿಯನ್ನೇ ಪಾಲು ಮಾಡಿಕೊಂಡರು. ಗಿಡಗಳು, ಹಕ್ಕಿಗಳು, ಕೀಟಗಳು ಲಿನೇಯಸನ ಪಾಲು. ಮೀನುಗಳು ಆರ್ಟೆಡಿಯ ಪಾಲು. ಒಬ್ಬ ಮೊದಲು ಸತ್ತರೆ ಉಳಿದವನು ಆತನ ಕೆಲಸವನ್ನು ಪೂರೈಸಬೇಕೆಂದು ಮಾತಾಯಿತು. 1735ರಲ್ಲಿ ಆರ್ಟೆಡಿ ಆಮ್‌ಸ್ಟರ್‌ಡಾಮ್ ನಗರದ ಕಾಲುವೆಯಲ್ಲಿ ಕತ್ತಲಲ್ಲಿ ಬಿದ್ದು ತೀರಿಕೊಂಡ. ಲಿನೇಯಸ್ ಮಾತಿಗೆ ತಪ್ಪಲಿಲ್ಲ. ಗೆಳೆಯನ ಹಸ್ತಪ್ರತಿಗಳನ್ನು ಬಿಡಿಸಿಕೊಂಡು, ಸರಿಪಡಿಸಿ, 1738ರಲ್ಲಿ ಗೆಳೆಯನ ಹೆಸರಿನಲ್ಲಿಯೇ ಅಚ್ಚು ಹಾಕಿಸಿದ.

ಉತ್ತರದ ಹಿಮನಾಡಿಗೆ

1732ರ ಮೇ ತಿಂಗಳಲ್ಲಿ, ಇಪ್ಪತ್ತೈದು ವರ್ಷದ ಲಿನೇಯಸ್ ಕುದುರೆಯೇರಿ ಒಬ್ಬನೇ ಲ್ಯಾಪ್‌ಲ್ಯಾಂಡಿಗೆ ಹೊರಟ. ಹಿಮಸಾರಂಗಗಳನ್ನು ಸಾಕಿಕೊಂಡು ಬಾಳುವ ಸಾಮಿ ಜನರ ನಾಡು ಅದು. ಜವುಗು ನೆಲ, ಸೊಳ್ಳೆಗಳ ಕಾಟ, ಮಂಜುಗಟ್ಟಿದ ಬೆಟ್ಟ, ಉಕ್ಕುವ ಹೊಳೆ, ಎಲ್ಲವನ್ನೂ ದಾಟಿ ಐದು ತಿಂಗಳ ಬಳಿಕ ಅಕ್ಟೋಬರಿನಲ್ಲಿ ಹಿಂತಿರುಗಿದ. ದಾರಿಯುದ್ದಕ್ಕೂ ಗಿಡ, ಕಲ್ಲು, ಹುಳ, ಜನರ ಊಟ ಉಡಿಗೆ, ಮನೆಮದ್ದು ಎಲ್ಲವನ್ನೂ ಬರೆದಿಟ್ಟುಕೊಂಡ. ಸಾಮಿ ಜನ ಹಾದಿ ತೋರಿಸದಿದ್ದರೆ, ಅನ್ನ ಕೊಡದಿದ್ದರೆ ಆ ಪ್ರವಾಸ ನಡೆಯುತ್ತಿರಲಿಲ್ಲ.

ಉತ್ತರದ ಕಾಡುಗಳಲ್ಲಿ ನೆಲಕ್ಕೆ ಅಂಟಿಕೊಂಡು ಹಬ್ಬುವ ಒಂದು ಪುಟ್ಟ ಬಳ್ಳಿಯಿದೆ. ಒಂದೇ ತೊಟ್ಟಿನ ಮೇಲೆ ಜೋಡಿ ಹೂ. ಅದು ಲಿನೇಯಸನಿಗೆ ಅತ್ಯಂತ ಪ್ರಿಯವಾದ ಗಿಡ. ಗ್ರೋನೋವಿಯಸ್ ಎಂಬ ಡಚ್ ವಿದ್ವಾಂಸ ಆ ಬಳ್ಳಿಗೆ ಲಿನೇಯಾ ಎಂಬ ಹೆಸರನ್ನೇ ಕೊಟ್ಟ. ಆತನ ಹೆಸರು ಹೊತ್ತದ್ದು ಹೆಮ್ಮರವಲ್ಲ, ಕಾಲಡಿಯ ಬಳ್ಳಿ.

ಬಾಳೆ ಹೂ ಬಿಟ್ಟಿತು

1735ರಲ್ಲಿ ಲಿನೇಯಸ್ ಹಾಲೆಂಡಿಗೆ ಹೋದ. ಫಾಲುನ್ ಎಂಬ ಊರಿನ ವೈದ್ಯರ ಮಗಳು ಸಾರಾ ಎಲಿಸಬೆತ್ ಜೊತೆ ಮದುವೆಯ ಮಾತಾಗಿತ್ತು. ವೈದ್ಯ ಪದವಿ ಪಡೆದು ಬಂದ ಮೇಲೆಯೇ ಮದುವೆಯೆಂದು ಹುಡುಗಿಯ ಮನೆಯವರು ಗೊತ್ತುಮಾಡಿದ್ದರು. ಹಾರ್ಡರ್ವೈಕ್ ಎಂಬಲ್ಲಿ ಆತ ಪದವಿ ಪಡೆದ. ಅದೇ ವರ್ಷ ‘ಸಿಸ್ಟಿಮಾ ನ್ಯಾಚುರೇ’ ಎಂಬ ಪುಸ್ತಕ ಹೊರಬಂತು. ಹನ್ನೆರಡು ಪುಟಗಳಷ್ಟೂ ದಾಟದ, ಆದರೆ ಅಗಲವಾದ ಹಾಳೆಗಳ ಪುಸ್ತಕ. ಸಸ್ಯ, ಪ್ರಾಣಿ, ಖನಿಜ ಎಂಬ ಮೂರು ರಾಜ್ಯಗಳನ್ನೂ ಅದರಲ್ಲಿ ಕ್ರಮವಾಗಿ ಜೋಡಿಸಿದ್ದ.

ಹಾಲೆಂಡಿನ ಹಾರ್ಟೆಕಾಂಪ್ ಎಂಬಲ್ಲಿ ಜಾರ್ಜ್ ಕ್ಲಿಫರ್ಡ್ ಎಂಬ ಧನಿಕನಿಗೆ ದೊಡ್ಡ ಸಸ್ಯೋದ್ಯಾನವಿತ್ತು. ಆಗ ಲಿನೇಯಸ್ ಬರ್ಮನ್ ಎಂಬ ವಿದ್ವಾಂಸನ ಬಳಿ ಕೆಲಸದಲ್ಲಿದ್ದ. ಆತನನ್ನು ತನಗೆ ಬಿಟ್ಟುಕೊಡಬೇಕೆಂದು ಕೇಳಿದ ಕ್ಲಿಫರ್ಡ್, ಬದಲಿಗೆ ಬರ್ಮನ್‌ಗೆ ಒಂದು ಅಪರೂಪದ ಪುಸ್ತಕವನ್ನು ಕೊಟ್ಟನಂತೆ. ಒಂದು ಪುಸ್ತಕಕ್ಕೆ ಒಬ್ಬ ಲಿನೇಯಸ್!

ಆ ತೋಟದ ಗಾಜಿನ ಮನೆಯಲ್ಲಿ ಬಾಳೆಗಿಡಗಳಿದ್ದವು. ನಮ್ಮ ಹಿತ್ತಿಲಲ್ಲಿ ಯಾರೂ ಕೇಳದೆ ಗೊನೆ ಹಾಕುವ ಬಾಳೆ ಆ ಚಳಿಯ ದೇಶದಲ್ಲಿ ಹೂವನ್ನೇ ಬಿಡುತ್ತಿರಲಿಲ್ಲ. ಬಾಳೆ ಎಂತಹ ನಾಡಿನಿಂದ ಬಂದದ್ದು ಎಂದು ಲಿನೇಯಸ್ ಯೋಚಿಸಿದ. ಕೆಲವು ತಿಂಗಳು ಬಿಸಿಲು, ಆಮೇಲೆ ಧಾರಾಕಾರ ಮಳೆ, ಇದು ಅದರ ತೌರಿನ ರೀತಿ. ಆತನೂ ತೋಟಗಾರನೂ ಕೂಡಿ ಗಿಡವನ್ನು ಫಲವತ್ತಾದ ಮಣ್ಣಿಗೆ ಹಾಕಿ, ಕೆಲವು ವಾರ ನೀರು ಕೊಡದೆ ಒಣಗಿಸಿ, ಆಮೇಲೆ ಮಳೆ ಹೊಯ್ದಂತೆ ನೀರು ಸುರಿದರು. 1736ರ ಆರಂಭದಲ್ಲಿ ಬಾಳೆ ಹೂ ಬಿಟ್ಟಿತು. ನೋಡಲು ಜನ ಬಂದರು. ಆ ಒಂದು ಬಾಳೆಯ ಮೇಲೆಯೇ ಲಿನೇಯಸ್ ಪುಸ್ತಕ ಬರೆದ.

ಗಿಡವನ್ನು ಬೆಳೆಸುವ ಗುಟ್ಟು ಇದರಲ್ಲಿದೆ. ಗಿಡ ಎಲ್ಲಿಂದ ಬಂತೋ ಆ ನೆಲವನ್ನು, ಆ ಹವೆಯನ್ನು ಅದಕ್ಕೆ ಒದಗಿಸಬೇಕು. ನಮ್ಮ ಮರಳುಗಿಡಕ್ಕೂ ಇದೇ ನ್ಯಾಯ. ಅದಕ್ಕೆ ಗೊಬ್ಬರ ಹಾಕಿದ ಕೊಬ್ಬಿದ ಮಣ್ಣು ಕೊಟ್ಟರೆ ಸೊರಗಿದ ಬಳ್ಳಿಯಂತೆ ಉದ್ದವಾಗಿ ಬಿದ್ದುಕೊಳ್ಳುತ್ತದೆ. ನೀರು ನಿಂತರೆ ಬೇರು ಕೊಳೆಯುತ್ತದೆ. ಮರಳು ಬೆರೆತ ಬಡ ಮಣ್ಣು, ಸಣ್ಣ ಕಲ್ಲು, ಚೆನ್ನಾಗಿ ಬೀಳುವ ಬಿಸಿಲು, ಬೇಗ ಬಸಿದುಹೋಗುವ ನೀರು ಇಷ್ಟಿದ್ದರೆ ಸಾಕು. ಗಸಗಸೆಗಿಂತಲೂ ಸಣ್ಣದಾದ ಅದರ ಕಪ್ಪು ಬೀಜವನ್ನು ಆಳಕ್ಕೆ ಹೂಳಬಾರದು. ಮಣ್ಣಿನ ಮೇಲೆ ಉದುರಿಸಿ ಮೆಲ್ಲಗೆ ಒತ್ತಬೇಕು. ಯುರೋಪಿನಲ್ಲಿ ಅದು ಸಾಮಾನ್ಯವಾಗಿ ಚಳಿಗಾಲಕ್ಕೆ ಮುಂಚೆ ಮೊಳೆತು, ಪುಟ್ಟ ಗಿಡವಾಗಿಯೇ ಚಳಿಯನ್ನು ಕಳೆದು, ವಸಂತದ ಬಳಿಕ ಹೂ ಬಿಟ್ಟು, ಬೀಜ ಉದುರಿಸಿ ಬಾಳು ಮುಗಿಸುತ್ತದೆ. ಮುಂದಿನ ವರ್ಷ ಆ ಬೀಜಗಳೇ ಮೊಳೆಯುತ್ತವೆ. ನಮ್ಮ ಕರಾವಳಿಯ ಸೆಕೆಯೂ ಆಷಾಢದ ಮಳೆಯೂ ಅದಕ್ಕೆ ಒಗ್ಗುವಂಥದಲ್ಲ. ಬಾಳೆಗೆ ಹಾಲೆಂಡ್ ಹೇಗೋ ಮರಳುಗಿಡಕ್ಕೆ ನಮ್ಮೂರು ಹಾಗೆ.

ಎಣಿಸುವ ವಿದ್ಯೆ

ಗಿಡವನ್ನು ಗುರುತಿಸಲು ಲಿನೇಯಸ್ ತೋರಿಸಿದ ದಾರಿ ಬಹಳ ಸರಳ. ಹೂವನ್ನು ಬಿಡಿಸಿ ನೋಡು, ಕೇಸರಗಳನ್ನು ಎಣಿಸು, ಅಂಡಾಶಯದ ಮೇಲಿನ ಶಲಾಕೆಗಳನ್ನು ಎಣಿಸು, ಇಷ್ಟೇ. ಕೇಸರಗಳ ಎಣಿಕೆ ಮತ್ತು ಜೋಡಣೆಯ ಮೇಲೆ ಸಸ್ಯಗಳನ್ನೆಲ್ಲ ಇಪ್ಪತ್ತನಾಲ್ಕು ವರ್ಗಗಳಾಗಿ ಮಾಡಿದ. ಶಲಾಕೆಗಳ ಎಣಿಕೆಯಿಂದ ವರ್ಗದೊಳಗಿನ ಗುಂಪುಗಳನ್ನು ಮಾಡಿದ. ಬೂತಗನ್ನಡಿಯೊಂದಿದ್ದರೆ ಹಳ್ಳಿಯ ಹುಡುಗನೂ ಈ ಕೆಲಸ ಮಾಡಬಹುದಾಗಿತ್ತು.

ಮರಳುಗಿಡವನ್ನೇ ತೆಗೆದುಕೊಳ್ಳೋಣ. ಎಲೆಗಳು ಕಾಂಡದ ಮೇಲೆ ಎದುರುಬದುರಾಗಿ, ಜೋಡಿಜೋಡಿಯಾಗಿ, ತೊಟ್ಟಿಲ್ಲದೆ ಕುಳಿತಿವೆ. ಹೂವಿನ ಹೊರಗೆ ಐದು ಹಸಿರು ಪುಷ್ಪಪತ್ರಗಳು. ಒಳಗೆ ಐದು ಬಿಳಿಯ ದಳಗಳು. ದಳಗಳು ಪುಷ್ಪಪತ್ರಗಳಿಗಿಂತ ಗಿಡ್ಡ. ಕೇಸರಗಳು ಹತ್ತು. ಶಲಾಕೆಗಳು ಮೂರು. ಅಲ್ಲಿಗೆ ಇದು ಹತ್ತು ಕೇಸರದ ವರ್ಗಕ್ಕೆ, ಮೂರು ಶಲಾಕೆಯ ಗುಂಪಿಗೆ ಸೇರಿತು. ಆದರೆ ಅದೇ ಗುಂಪಿನಲ್ಲಿ ಚಿಕ್‌ವೀಡ್ ಜಾತಿಯ ಬಿಳಿ ಹೂಗಳೂ ಇವೆ. ಅವುಗಳ ಒಂದೊಂದು ದಳವೂ ಆಳವಾಗಿ ಸೀಳಿರುವುದರಿಂದ ಐದು ದಳ ಹತ್ತರಂತೆ ಕಾಣುತ್ತದೆ. ಮರಳುಗಿಡದ ದಳ ಸೀಳಿರುವುದಿಲ್ಲ, ಇಡಿಯಾಗಿರುತ್ತದೆ. ಕಾಯಿ ಬಲಿತಾಗ ಪುಟ್ಟ ಕೂಜದಂತಿದ್ದು ಬಾಯಲ್ಲಿ ಆರು ಹಲ್ಲುಗಳಾಗಿ ಒಡೆಯುತ್ತದೆ. ಇಷ್ಟು ನೋಡಿದವನಿಗೆ ಮರಳುಗಿಡ ಮತ್ತೆ ಮರೆಯದು.

ನಮ್ಮ ಹಿತ್ತಿಲಿನಲ್ಲಿ ಇದೇ ಲೆಕ್ಕ ಮಾಡಿ ನೋಡಬಹುದು. ಭತ್ತದ ಹೂವಿನಲ್ಲಿ ಆರು ಕೇಸರಗಳು. ದಾಸವಾಳದಲ್ಲಿ ಕೇಸರಗಳೆಲ್ಲ ಕೂಡಿ ಒಂದೇ ಕೊಳವೆಯಾಗಿವೆ. ತುಂಬೆ ಹೂವಿನಲ್ಲಿ ನಾಲ್ಕು ಕೇಸರ, ಎರಡು ಉದ್ದ, ಎರಡು ಗಿಡ್ಡ. ತುಳಸಿಯ ಹೂವಿನಲ್ಲಿಯೂ ನಾಲ್ಕೇ, ಅಲ್ಲಿಯೂ ಜೋಡಿಜೋಡಿಯೇ. ಎರಡರ ಕಾಂಡವೂ ಚೌಕ. ಶಿವಪೂಜೆಯ ತುಂಬೆ ಮತ್ತು ಅಂಗಳದ ತುಳಸಿ ಒಂದೇ ಕುಟುಂಬದವು ಎಂಬುದು ಎಣಿಸಿದವನಿಗೆ ಮಾತ್ರ ತಿಳಿಯುತ್ತದೆ.

ಎರಡು ಮಾತಿನ ಹೆಸರು

1738ರಲ್ಲಿ ಲಿನೇಯಸ್ ಸ್ವದೇಶಕ್ಕೆ ಮರಳಿ ಸ್ಟಾಕ್‌ಹೋಮಿನಲ್ಲಿ ವೈದ್ಯನಾದ. 1739ರಲ್ಲಿ ಸಾರಾ ಎಲಿಸಬೆತ್‌ಳನ್ನು ಮದುವೆಯಾದ. 1741ರಲ್ಲಿ ಉಪ್ಸಾಲಾದಲ್ಲಿ ಪ್ರಾಧ್ಯಾಪಕನಾದ. ಒಂದು ಕಾಲಕ್ಕೆ ಹರಿದ ಪಾದರಕ್ಷೆಯಲ್ಲಿ ನಡೆದ ತೋಟಕ್ಕೇ ಈಗ ಒಡೆಯನಾದ. ಬೇಸಗೆಯಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಊರ ಹೊರಗೆ ಗಿಡ ನೋಡಲು ಹೊರಡುತ್ತಿದ್ದ. ನೂರಕ್ಕೂ ಹೆಚ್ಚು ಮಂದಿ ಸೇರುತ್ತಿದ್ದುಂಟು. ಸಂಜೆ ಕಹಳೆ ನಗಾರಿಗಳೊಡನೆ, ಟೋಪಿಗೆ ಹೂ ಸಿಕ್ಕಿಸಿಕೊಂಡು ಮೆರವಣಿಗೆಯಲ್ಲಿ ಊರಿಗೆ ಬರುತ್ತಿದ್ದರು. ಪಾಠವೆಂದರೆ ಹಬ್ಬವಾಗಿತ್ತು.

ಆ ಕಾಲದಲ್ಲಿ ಗಿಡದ ಶಾಸ್ತ್ರೀಯ ಹೆಸರೆಂದರೆ ಒಂದು ಉದ್ದವಾದ ಲ್ಯಾಟಿನ್ ವಾಕ್ಯ. ಎಲೆ ಹೀಗಿದೆ, ಹೂ ಹಾಗಿದೆ ಎಂದು ವರ್ಣಿಸುತ್ತಾ ಹೋಗುವ ಆ ಹೆಸರನ್ನು ಬಾಯಿಪಾಠ ಮಾಡುವುದೇ ಕಷ್ಟ. 1753ರಲ್ಲಿ ಪ್ರಕಟವಾದ ‘ಸ್ಪೀಶೀಸ್ ಪ್ಲಾಂಟಾರಮ್’ ಎಂಬ ಎರಡು ಸಂಪುಟಗಳ ಗ್ರಂಥದಲ್ಲಿ ಲಿನೇಯಸ್ ಸುಮಾರು 6000 ಸಸ್ಯಗಳನ್ನು ವಿವರಿಸಿದ. ಉದ್ದದ ವರ್ಣನೆಯನ್ನು ಹಾಗೆಯೇ ಇಟ್ಟು, ಪುಟದ ಅಂಚಿನಲ್ಲಿ ಪ್ರತಿಯೊಂದಕ್ಕೂ ಒಂದೊಂದು ಪುಟ್ಟ ಪದವನ್ನು ಬರೆದ. ಜಾತಿಯ ಹೆಸರಿಗೆ ಆ ಪದವನ್ನು ಸೇರಿಸಿದರೆ ಎರಡೇ ಮಾತಿನಲ್ಲಿ ಹೆಸರು ಮುಗಿಯಿತು. ಮನೆತನದ ಹೆಸರೂ ಸ್ವಂತ ಹೆಸರೂ ಸೇರಿ ಒಬ್ಬ ಮನುಷ್ಯನ ಗುರುತಾಗುವಂತೆ! ಸಸ್ಯಗಳ ಹೆಸರಿಗೆ ಇಂದಿಗೂ ಆ ಗ್ರಂಥವೇ ಆರಂಭ. ಪ್ರಾಣಿಗಳಿಗೆ 1758ರ ‘ಸಿಸ್ಟಿಮಾ ನ್ಯಾಚುರೇ’ಯ ಹತ್ತನೆಯ ಆವೃತ್ತಿ ಆರಂಭ.

ಮರಳುಗಿಡಕ್ಕೂ ಅದರಲ್ಲಿ ಜಾಗ ಸಿಕ್ಕಿತು. ಆರೆನೇರಿಯಾ ಸರ್ಪಿಲ್ಲಿಫೋಲಿಯಾ ಎಂಬುದು ಅದರ ಹೆಸರು. ಲ್ಯಾಟಿನ್ನಿನಲ್ಲಿ ಆರೆನಾ ಎಂದರೆ ಮರಳು. ಎರಡನೆಯ ಪದಕ್ಕೆ ಕಾಡು ಥೈಮ್ ಎಂಬ ಸುವಾಸನೆಯ ಗಿಡದಂತಹ ಎಲೆಯುಳ್ಳದ್ದು ಎಂದು ಅರ್ಥ. ಬೆಳೆಯುವ ನೆಲವೂ ಎಲೆಯ ಆಕಾರವೂ ಎರಡು ಮಾತಿನಲ್ಲಿ ಅಡಗಿದವು.

ಗಡಿನಾಡಿನ ಮಕ್ಕಳಾದ ನಮಗೆ ಇದರ ಬೆಲೆ ಬೇಗ ಅರ್ಥವಾಗಬೇಕು. ಮನೆಯಲ್ಲಿ ಬಾಳೆ, ಪಕ್ಕದ ಮನೆಯಲ್ಲಿ ಬಾರೆ, ಪೇಟೆಯಲ್ಲಿ ವಾಳ. ಕನ್ನಡ, ತುಳು, ಮಲಯಾಳ ಮೂರೂ ಒಂದೇ ಬೀದಿಯಲ್ಲಿ ಕೇಳಿಬರುವ ಊರು ನಮ್ಮದು. ಇಲ್ಲಿಯ ಮಗುವಿಗೂ ಜಪಾನಿನ ಮಗುವಿಗೂ ಒಂದೇ ಗಿಡವನ್ನು ಕುರಿತು ಮಾತಾಡಬೇಕಾದರೆ ಇಬ್ಬರಿಗೂ ಸಮವಾದ ಒಂದು ಹೆಸರು ಬೇಕು. ಆದರೆ ಆ ಹೆಸರು ಬಂತೆಂದು ನಮ್ಮ ಹೆಸರುಗಳು ಹೋಗಬೇಕಾಗಿಲ್ಲ. ಅಡಿಕೆಯ ಶಾಸ್ತ್ರೀಯ ಹೆಸರು ಆರೆಕಾ ಕೆಟೆಚು. ಆರೆಕಾ ಎಂಬುದು ನಮ್ಮ ಅಡಿಕೆ, ಮಲಯಾಳದ ಅಡಕ್ಕ ಎಂಬ ಮಾತೇ ಪೋರ್ಚುಗೀಸರ ಬಾಯಲ್ಲಿ ತಿರುಗಿದ ರೂಪ. ಸಂಪಿಗೆಯ ಹೆಸರಿನಲ್ಲಿರುವ ಚಂಪಕಾ ಎಂಬ ಪದವೂ ನಮ್ಮ ದೇಶದ್ದೇ.

ಲಿನೇಯಸ್ ಭಾರತಕ್ಕೆ ಬಂದವನಲ್ಲ. ಮಲಬಾರಿನ ಗಿಡಗಳು ಆತನಿಗೆ ತಿಳಿದದ್ದು ಮುಖ್ಯವಾಗಿ ‘ಹೊರ್ತುಸ್ ಮಲಬಾರಿಕಸ್’ ಎಂಬ ಹನ್ನೆರಡು ಸಂಪುಟಗಳ ಗ್ರಂಥದಿಂದ. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ ಈ ಗ್ರಂಥ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಅದರ ಹಿಂದೆ ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರ ತಿಳಿವಳಿಕೆಯಿದೆ. ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವಿದ್ವಾಂಸರ ನೆರವಿದೆ. ಉಪ್ಸಾಲಾದ ಪ್ರಾಧ್ಯಾಪಕನ ಮೇಜಿನ ಮೇಲೆ ನಮ್ಮ ಕರಾವಳಿಯ ವೈದ್ಯರ ವಿದ್ಯೆ ಹೀಗೆ ತಲುಪಿತ್ತು.

ಶಿಷ್ಯರು ಮತ್ತು ಮನೆಯವರು

ಲಿನೇಯಸ್ ತನ್ನ ಶಿಷ್ಯರನ್ನು ಲೋಕದ ನಾನಾ ಭಾಗಗಳಿಗೆ ಕಳುಹಿಸಿದ. ಅವರಲ್ಲಿ ಹಲವರು ಹಿಂತಿರುಗಲೇ ಇಲ್ಲ. ಟೆರ್ನ್‌ಸ್ಟ್ರೋಮ್ 1746ರಲ್ಲಿ ಚೀನಾದ ಹಾದಿಯಲ್ಲಿ, ಹಾಸೆಲ್‌ಕ್ವಿಸ್ಟ್ 1752ರಲ್ಲಿ ತುರ್ಕಿಯಲ್ಲಿ, ಲೋಫ್ಲಿಂಗ್ 1756ರಲ್ಲಿ ದಕ್ಷಿಣ ಅಮೆರಿಕದಲ್ಲಿ, ಫೋರ್ಸ್‌ಕಾಲ್ 1763ರಲ್ಲಿ ಯೆಮನ್ನಿನಲ್ಲಿ ತೀರಿಕೊಂಡರು. ಕೋನಿಗ್ ಎಂಬ ಶಿಷ್ಯ 1768ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ವೈದ್ಯನಾಗಿ ಬಂದು, ದಕ್ಷಿಣ ಭಾರತದ ಗಿಡಗಳನ್ನು ಅಭ್ಯಾಸ ಮಾಡಿ, 1785ರಲ್ಲಿ ಇಲ್ಲಿಯೇ ಮಣ್ಣಾದ. ಪುಸ್ತಕದ ಒಂದು ಸಾಲಿನ ಹಿಂದೆ ಒಂದು ಜೀವವೇ ಇರಬಹುದು ಎಂಬುದನ್ನು ನಾವು ಮರೆಯಬಾರದು.

ಹೆಣ್ಣುಮಕ್ಕಳಿಗೆ ಹೆಚ್ಚಿನ ಓದು ಬೇಡವೆಂಬುದು ಆ ಕಾಲದ ಭಾವನೆ. ಲಿನೇಯಸನೂ ಅದನ್ನು ಮೀರಲಿಲ್ಲ. ಆದರೂ ಮಗಳು ಎಲಿಸಬೆತ್ ಕ್ರಿಸ್ಟೀನಾ ತಂದೆಯಂತೆಯೇ ಕಣ್ಣಿಟ್ಟು ನೋಡುವವಳು. ಮುಸ್ಸಂಜೆಯಲ್ಲಿ ನ್ಯಾಸ್ಟರ್ಶಿಯಮ್ ಎಂಬ ಕಿತ್ತಳೆ ಬಣ್ಣದ ಹೂ ಮಿಂಚಿದಂತೆ ಕಾಣುವುದನ್ನು ಆಕೆ ಗಮನಿಸಿದಳು. ಆ ಬಗ್ಗೆ ಆಕೆ ಬರೆದ ಲೇಖನ 1762ರಲ್ಲಿ ಸ್ವೀಡನ್ನಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಗ ಆಕೆಗೆ ಹತ್ತೊಂಬತ್ತು ವರ್ಷ. ನಮ್ಮ ಶಾಲೆಯ ಹೆಣ್ಣುಮಕ್ಕಳು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ದೊಡ್ಡವರ ತಪ್ಪನ್ನೂ ತಿಳಿದಿರಬೇಕು. ಲಿನೇಯಸ್ ಮನುಷ್ಯರನ್ನು ಸಹ ಖಂಡಗಳಿಗೂ ಮೈಬಣ್ಣಕ್ಕೂ ತಕ್ಕಂತೆ ವಿಂಗಡಿಸಿ, ಒಂದೊಂದು ಗುಂಪಿಗೆ ಒಂದೊಂದು ಗುಣವನ್ನು ಅಂಟಿಸಿದ. ಅದು ವಿಜ್ಞಾನವಲ್ಲ, ಆ ಕಾಲದ ಪೂರ್ವಗ್ರಹ. ಅದರಿಂದ ಮುಂದೆ ಕೇಡಾಯಿತು. ಇಂದಿನ ವಿಜ್ಞಾನ ಅದನ್ನು ಒಪ್ಪುವುದಿಲ್ಲ. ಕೇಸರ ಎಣಿಸುವ ಆತನ ವರ್ಗೀಕರಣವೂ ಈಗ ಬಳಕೆಯಲ್ಲಿಲ್ಲ. ಎಣಿಕೆ ಒಂದೇ ಆದ ಮಾತ್ರಕ್ಕೆ ಗಿಡಗಳು ಬಂಧುಗಳಾಗಬೇಕಿಲ್ಲ. ಇದು ಆತನಿಗೂ ಗೊತ್ತಿತ್ತು. ಈಗ ಜೀವಕೋಶದ ಡಿಎನ್‌ಎ ನೋಡಿ ಬಂಧುತ್ವ ತೀರ್ಮಾನಿಸುತ್ತಾರೆ. ಆರೆನೇರಿಯಾ ಜಾತಿಯಲ್ಲಿದ್ದ ಹಲವು ಗಿಡಗಳು ಬೇರೆ ಜಾತಿಗಳಿಗೆ ಹೋಗಿವೆ. ಆದರೆ ನಮ್ಮ ಮರಳುಗಿಡ 1753ರ ಹೆಸರನ್ನೇ ಇಂದಿಗೂ ಹೊತ್ತಿದೆ.

ಕೊನೆಯ ದಿನಗಳು

ಸ್ವೀಡನ್ನಿನ ದೊರೆ ಲಿನೇಯಸನಿಗೆ ಕುಲೀನ ಪದವಿಯನ್ನು ಕೊಟ್ಟು ಗೌರವಿಸಿದ. ಉಪ್ಸಾಲಾದ ಹತ್ತಿರ ಹಮ್ಮರ್‌ಬಿ ಎಂಬಲ್ಲಿ ಆತ ಜಮೀನು ಕೊಂಡ. ಬೆಂಕಿಯ ಭಯಕ್ಕೆ ಅಲ್ಲಿ ಕಲ್ಲಿನ ಕಟ್ಟಡ ಕಟ್ಟಿಸಿ ತನ್ನ ಸಂಗ್ರಹವನ್ನು ಕಾಪಾಡಿದ. ಆದರೆ ಬೆಂಕಿಯಿಂದ ಉಳಿಸಿದ್ದನ್ನು ವಯಸ್ಸು ಕಸಿದುಕೊಂಡಿತು. 1774ರಲ್ಲಿಯೂ 1776ರಲ್ಲಿಯೂ ಪಾರ್ಶ್ವವಾಯು ಬಡಿಯಿತು. ಮಾತು ತೊದಲಿತು, ನೆನಪು ಕುಂದಿತು. ತಾನೇ ಬರೆದ ಪುಸ್ತಕಗಳನ್ನು ಬೇರೆ ಯಾರೋ ಬರೆದದ್ದೆಂದು ತಿಳಿದು ಮೆಚ್ಚಿ ನೋಡುತ್ತಿದ್ದನಂತೆ. ಕೊನೆಗೆ ತನ್ನ ಹೆಸರೂ ಮರೆತುಹೋಯಿತೆಂದು ಚರಿತ್ರಕಾರರು ಬರೆದಿದ್ದಾರೆ. ಸಾವಿರಾರು ಜೀವಗಳಿಗೆ ಹೆಸರಿಟ್ಟವನ ಗತಿ ಅದು. 1778ರ ಜನವರಿ 10ರಂದು ಆತ ತೀರಿಕೊಂಡ. ಉಪ್ಸಾಲಾದ ದೊಡ್ಡ ಇಗರ್ಜಿಯಲ್ಲಿ ಆತನ ಸಮಾಧಿಯಿದೆ. ಆತನ ಸಂಗ್ರಹವನ್ನು 1784ರಲ್ಲಿ ಜೇಮ್ಸ್ ಎಡ್ವರ್ಡ್ ಸ್ಮಿತ್ ಎಂಬ ಇಂಗ್ಲೆಂಡಿನ ತರುಣ ಕೊಂಡುಕೊಂಡ. ಅದು ಈಗ ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಭದ್ರವಾಗಿದೆ.

ಹೆತ್ತವರೇ, ವೆಕ್ಷಾ ಶಾಲೆಯ ಆ ಹುಡುಗ ಇಂದು ನಿಮ್ಮ ಮನೆಯಲ್ಲಿಯೂ ಇರಬಹುದು. ಅಂಕಪಟ್ಟಿಯಲ್ಲಿ ಕೆಂಪುಗೆರೆ ಕಂಡ ಕೂಡಲೇ ದಡ್ಡನೆಂದು ಮುದ್ರೆಯೊತ್ತುವ ಮೊದಲು, ಆತ ಬಿಡುವಿನಲ್ಲಿ ಏನನ್ನು ನೋಡುತ್ತಾ ಕುಳಿತಿರುತ್ತಾನೆ ಎಂಬುದನ್ನು ಒಮ್ಮೆ ಗಮನಿಸಿ. ನಿಲ್ಸ್ ಅವರಂತೆ ಒಂದು ತುಂಡು ನೆಲ ಕೊಟ್ಟು ನೋಡಿ.

ವಿದ್ಯಾರ್ಥಿಗಳೇ, ಮಳೆ ನಿಂತ ಮೇಲೆ ಶಾಲೆಯ ಹಿಂದಿನ ಗುಡ್ಡೆಯಲ್ಲಿ ಎಷ್ಟೋ ಬಗೆಯ ಸಣ್ಣ ಹೂಗಳು ಅರಳುತ್ತವೆ. ಒಂದನ್ನು ಆರಿಸಿಕೊಳ್ಳಿರಿ. ಎಲೆ ಎದುರುಬದುರೋ, ಒಂದಾದ ಮೇಲೊಂದೋ ನೋಡಿರಿ. ದಳ ಎಷ್ಟು, ಕೇಸರ ಎಷ್ಟು ಎಣಿಸಿ ಪುಸ್ತಕದಲ್ಲಿ ಬರೆಯಿರಿ. ಆಮೇಲೆ ಅಜ್ಜಿಯ ಬಳಿ ಹೋಗಿ ಅದಕ್ಕೆ ಏನೆನ್ನುತ್ತಾರೆಂದು ಕೇಳಿರಿ. ಅಜ್ಜಿ ಹೇಳಿದ ಹೆಸರನ್ನು ಮೊದಲು ಬರೆದು, ಪಕ್ಕದಲ್ಲಿ ಲ್ಯಾಟಿನ್ ಹೆಸರಿಗೆ ಜಾಗ ಬಿಡ. ಲ್ಯಾಟಿನ್ ಹೆಸರನ್ನು ನಾಳೆಯೂ ಪುಸ್ತಕದಲ್ಲಿ ಹುಡುಕಿಕೊಳ್ಳಬಹುದು. ಅಜ್ಜಿಯ ಹೆಸರನ್ನು ಇಂದೇ ಕೇಳಬೇಕು.